ಕಣ್ಣು ಪರೀಕ್ಷೆಗೊಂದು ಥಾಯ್ ಸಿನಿಮಾ

ನಮ್ಮ ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಹಲಗೆ ಇಲ್ಲ. ಇತ್ತು, ನಾನೇ ಇಳಿಸಿದೆ. ಹದಿನಾರು ವರ್ಷ ಒಂದೇ ಹಲಗೆ ನೇತುಹಾಕಿದರೆ ಊರಿಗೆಲ್ಲ ಬಾಯಿಪಾಠವಾಗದೆ ಇನ್ನೇನಾಗುತ್ತದೆ? ಒಬ್ಬ ಮಹಾನುಭಾವ ಹಲಗೆಗೆ ಬೆನ್ನು ಹಾಕಿಕೊಂಡೇ ಕೊನೆಯ ಸಾಲನ್ನು ಗಡಗಡ ಒಪ್ಪಿಸಿ, ಹೊರಗೆ ಹೋಗುವಾಗ ನಮ್ಮ ಗಾಜಿನ ಬಾಗಿಲಿಗೆ ಹಣೆ ಚಚ್ಚಿಕೊಂಡ. ಅವತ್ತೇ ಹಲಗೆಗೆ ವಿದಾಯ ಹೇಳಿದೆ.

ಈಗ ಆ ಜಾಗದಲ್ಲಿ ಟಿವಿ ಇದೆ. ಕುರ್ಚಿಯಿಂದ ಸರಿಯಾಗಿ ಆರು ಮೀಟರ್ ದೂರ. ಯಾರೂ ಕಳ್ಳತನದಿಂದ ಮುಂದೆ ಸರಿಯಬಾರದೆಂದು ಕುರ್ಚಿಯನ್ನು ನೆಲಕ್ಕೆ ಬಿಗಿಸಿದ್ದೇನೆ. ಟಿವಿಯಲ್ಲಿ ಓಡುವುದು ಥಾಯ್ ಸಿನಿಮಾ, ಅದರಲ್ಲೂ ನಗಿಸುವ ಪ್ರೇಮದ ಸಿನಿಮಾ. ಕೂತವರು ಕೆಳಗೆ ಬರುವ ಸಾಲನ್ನು ಗಟ್ಟಿಯಾಗಿ ಓದಬೇಕು. ಇಂಗ್ಲಿಷ್ ಸಾಲು ನೋಡಿಕೊಂಡು ನಮ್ಮ ಭಾಷೆಯಲ್ಲಿ ಬರೆದು ಕೂರಿಸುವವಳು ನಾನೇ. ಮೊದಲು ದಪ್ಪ ಅಕ್ಷರ, ಆಮೇಲೆ ಮಧ್ಯಮ, ಕೊನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಇರುವೆ ಗಾತ್ರ.

ಥಾಯ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮೂರಲ್ಲಿ ಥಾಯ್ ಒಬ್ಬರಿಗೂ ಬರುವುದಿಲ್ಲ ಸ್ವಾಮಿ, ಕಿವಿಯಲ್ಲಿ ಕೇಳಿ ಕಣ್ಣಲ್ಲಿ ಓದಿದ ಹಾಗೆ ನಾಟಕ ಆಡಲು ಆಗುವುದಿಲ್ಲ. ನಗುವ ಸಿನಿಮಾ ಯಾಕೆಂದರೆ, ಸಾಲು ಮೂಡಿದ ಕೂಡಲೇ ತುಟಿ ಅರಳಿತೋ, ಕಣ್ಣು ಸರಿಯಿದೆ. ಪಕ್ಕದವರು ನಕ್ಕ ಮೇಲೆ ನಕ್ಕರೋ, ನಂಬರ್ ಏರಿದೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಸ್ವಂತ ಶೋಧ.

ಇಷ್ಟಕ್ಕೇ ಬಿಟ್ಟೇನೆಯೇ? ಕನ್ನಡಕದ ಡಬ್ಬಿಯೊಳಗೆ ಒಂದು ಚೀಟಿ ಇಡುತ್ತೇನೆ, ಮನೆಗೆ ಹೋಗಿ ಯಾವ ಸಿನಿಮಾ ನೋಡಬೇಕೆಂದು. ಗಂಡನ ಜೊತೆ ಮಾತು ಬಿಟ್ಟು ಬಂದವರಿಗೆ ಡ್ರೈವಿಂಗ್ ಶಾಲೆಯ ಸಿನಿಮಾ: ಹೆಂಡತಿ ಕಲಿಸುವವಳು, ಬಿಟ್ಟುಹೋದ ಗಂಡ ಕಲಿಯಲು ಬಂದವನು, ಇಬ್ಬರ ಕಾಲ ಕೆಳಗೂ ಒಂದೊಂದು ಬ್ರೇಕು. ಒಂಟಿ ಜೀವಗಳಿಗೆ ಲಿಫ್ಟಿನ ಸಿನಿಮಾ: ಅವಳಿಗೆ ಲಿಫ್ಟ್ ಕಂಡರೆ ಹೆದರಿಕೆ, ಅವನು ಲಿಫ್ಟ್ ರಿಪೇರಿಯವನು, ಅವಳಿಗೋಸ್ಕರ ದಿನಾ ಹನ್ನೆರಡು ಮಹಡಿ ಹತ್ತಿ ಹತ್ತಿ ಮೊಣಕಾಲು ಕಳೆದುಕೊಳ್ಳುತ್ತಾನೆ. ಈ ಥಾಯ್ ಜನರ ಮೇಲೆ ನನಗೆ ಮಮತೆ ಜಾಸ್ತಿ. ಅವರ ನಾಯಕಿ ಚರಂಡಿಗೆ ಬೀಳುತ್ತಾಳೆ, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿರುತ್ತಾಳೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಾತಾಡುತ್ತಾಳೆ. ನಾಯಕ ನೋಡಿದರೆ ಪೆದ್ದು. ಒಂದು ಗಂಟೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಆಮೇಲೆ ಒಂದು ಅಂಗಿ ಮಡಿಸುವುದನ್ನೋ ಬಾಗಿಲ ಬಳಿ ಚಪ್ಪಲಿ ತಿರುಗಿಸಿಡುವುದನ್ನೋ ತೋರಿಸುತ್ತಾರೆ ನೋಡಿ, ನಿಮ್ಮ ಅಪ್ಪಣೆ ಕೇಳದೆ ಕಣ್ಣೀರು ಬಂದುಬಿಡುತ್ತದೆ. ನಮ್ಮಂಥ ಸಾಧಾರಣ ಮುಖದವರಿಗೂ ಯಾರೋ ಕಾದಿರಬಹುದು ಅನ್ನಿಸುತ್ತದೆ. ಅದಕ್ಕೇ ಶಿಫಾರಸು ಮಾಡುತ್ತೇನೆ, ನನಗೇನು ಕಮಿಷನ್ ಬರುತ್ತದೆಯೇ?

ನನ್ನ ಅಣ್ಣನಿಗೆ ಮಾತ್ರ ಯಾವ ಸಿನಿಮಾವೂ ನಾಟಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು ಅವನು. ವಯಸ್ಸು ನಲವತ್ತೊಂಬತ್ತು, ಮದುವೆ ಇಲ್ಲ, ಮಾತೂ ಇಲ್ಲ. ಸಿನಿಮಾದ ಪೆದ್ದು ನಾಯಕ ಹುಡುಗಿಯ ಮುಂದೆ ತಡವರಿಸುವಾಗ ಒಳಗಿನಿಂದಲೇ ರೇಗುತ್ತಾನೆ, "ಹೇಳಿಬಿಡಯ್ಯ, ಬಾಯಿಗೇನು ಬೀಗ ಹಾಕಿದ್ಯಾ?" ಹೇಳುವವನು ಯಾರು ನೋಡಿ!

ಯಾಕೆಂದರೆ ಏಳನೇ ನಂಬರ್ ಬಸ್ಸಿನ ಡ್ರೈವರಮ್ಮ ಮೂರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಿಕೊಳ್ಳಲು ಬರುತ್ತಿದ್ದರು. ಗಂಡ ತೀರಿಕೊಂಡು ಹತ್ತು ವರ್ಷವಾದ, ಕೆಲಸದಲ್ಲಿ ಖಡಕ್ಕಾದ ಹೆಂಗಸು. ಆ ಸ್ಕ್ರೂ ಒಂದು ದಿನವೂ ಸಡಿಲವಾಗಿರಲಿಲ್ಲ, ನಾನೇ ತಿರುಗಿಸಿ ನೋಡಿದ್ದೇನೆ. ಅಣ್ಣ ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಕೊಡುತ್ತಿದ್ದ. ಮೂರು ವರ್ಷದ ಅವರ ಸಂಭಾಷಣೆ ಇಷ್ಟು: "ಸಡಿಲ ಆಗಿದೆ." "ಕೊಡಿ." "ಆಯ್ತಾ?" "ಹೂಂ." ಕೇಳಿ ಕೇಳಿ ನನ್ನ ರಕ್ತ ಕುದಿಯುತ್ತಿತ್ತು.

ಮೊನ್ನೆ ಸೋಮವಾರ ಡ್ರೈವರಮ್ಮ ಒಂದು ಫಾರಂ ಹಿಡಿದು ಬಂದರು.

"ತಂಗಿ ಊರಿನ ಡಿಪೋಲಿ ಜಾಗ ಖಾಲಿ ಆಗಿದೆ. ವರ್ಗ ಕೇಳಿದ್ದೀನಿ. ಗುರುವಾರ ಸಂಜೆ ಒಳಗೆ ಕಣ್ಣಿನ ರಿಪೋರ್ಟ್ ಹಚ್ಚಿ ಕೊಟ್ಬಿಟ್ರೆ ಮುಗೀತು, ಭಾನುವಾರ ಹೊರಡೋದೇ" ಎಂದರು. ನನ್ನ ಜೊತೆ ಮಾತಾಡುತ್ತಾ ಹಿಂದಿನ ಕೋಣೆಯ ಪರದೆಯನ್ನೇ ನೋಡುತ್ತಿದ್ದರು. ಪರದೆ ಅಲುಗಲಿಲ್ಲ. ಲೆನ್ಸ್ ಉಜ್ಜುವ ಮಿಷಿನ್ ಮಾತ್ರ ಜೋರಾಗಿ ಓಡಿತು. "ಸರಿ, ಗುರುವಾರ ಮೂರು ಗಂಟೆಗೆ ಬರ್ತೀನಿ" ಎಂದು ಹೊರಟರು. ಅವರ ಮುಖ ಸಪ್ಪಗಾಗಿತ್ತು.

ಒಳಗೆ ನುಗ್ಗಿದೆ. ನಮ್ಮಣ್ಣ ಖಾಲಿ ಮಿಷಿನ್ ಓಡಿಸುತ್ತಾ ನಿಂತಿದ್ದ, ಕೈಯಲ್ಲಿ ಲೆನ್ಸೇ ಇಲ್ಲ.

"ಅಣ್ಣ, ಅವರು ಹೋಗ್ಬಿಡ್ತಾರೆ ಕಣೋ."

"ಹೋಗ್ಲಿ. ತಂಗಿ ಇದಾಳಲ್ಲ, ಚೆನ್ನಾಗಿರ್ತಾರೆ."

"ನೀನು?"

"ನಂದೇನು" ಎಂದವನು ಅತ್ತ ತಿರುಗಿದ. ಅವನ ಕುತ್ತಿಗೆ ಕಂಡು ನನಗೆ ಸಂಕಟವಾಯಿತು. ಅಮ್ಮ ಹೋದ ದಿನವೂ ಹೀಗೇ ಗೋಡೆ ನೋಡಿಕೊಂಡು ನಿಂತಿದ್ದ. ಈ ಸಲ ಇವನನ್ನು ಗೋಡೆಗೆ ಬಿಟ್ಟುಕೊಡಬಾರದು ಎಂದು ತೀರ್ಮಾನಿಸಿದೆ.

ನಾನು ಪರೀಕ್ಷೆಗೆ ಹಾಕುವುದು ಲಾಂಡ್ರಿಯ ಸಿನಿಮಾ. ಬಟ್ಟೆ ಒಗೆಯುವ ಅಂಗಡಿಯ ಹುಡುಗಿಗೆ ಒಬ್ಬನ ಅಂಗಿ ಜೇಬಿನಲ್ಲಿ ವಾರವಾರವೂ ಒದ್ದೆಯಾದ ಪತ್ರ ಸಿಗುತ್ತದೆ. ಬರೆದದ್ದು ಅವಳಿಗೇ, ಕೊಡಲು ಮಾತ್ರ ಧೈರ್ಯವಿಲ್ಲ. ಕೊನೆಗೆ ಅವಳು ದೋಣಿ ಹತ್ತುವಾಗ ಓಡೋಡಿ ಬಂದು ಆ ಪುಣ್ಯಾತ್ಮ ಹೇಳುವುದೇನು ಗೊತ್ತೇ? "ನಿಮ್ಮ ಅಂಗಡಿಯ ದೀಪ ಆರಿಸಿಲ್ಲ." ಹೇಳಬೇಕಾದದ್ದೆಲ್ಲ ಗಂಟಲಲ್ಲಿ, ಬಾಯಿಗೆ ಬಂದದ್ದು ದೀಪ! ಆ ಜಾಗದಲ್ಲಿ ಕಲ್ಲೂ ಅಳುತ್ತದೆ. ಆ ಸಾಲನ್ನೇ ಅಳಿಸಿ, ಇರುವೆ ಗಾತ್ರದಲ್ಲಿ ಬೇರೆ ಸಾಲು ಕೂರಿಸಿದೆ: "ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನಿಗೆ ಮೂರು ವರ್ಷದಿಂದ ನಿಮ್ಮ ಮೇಲೆ ಮನಸ್ಸಿದೆ." ಡ್ರೈವರಮ್ಮ ಗಟ್ಟಿಯಾಗಿ ಓದುತ್ತಾರೆ, ಅಣ್ಣನಿಗೆ ಕೇಳುತ್ತದೆ, ಮಿಕ್ಕದ್ದು ಅವರ ಹಣೆಬರಹ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಎಡವಟ್ಟು ಎಲ್ಲಾಯಿತೆಂದರೆ, ನನ್ನ ಹತ್ತಿರ ಇದ್ದದ್ದು ಆ ಸಿನಿಮಾದ ಒಂದೇ ಪ್ರತಿ. ಬುಧವಾರ ಮಧ್ಯಾಹ್ನ ನಿವೃತ್ತ ಹೆಡ್‌ಮಾಸ್ಟರು ಮುನ್ಸೂಚನೆ ಇಲ್ಲದೆ ಬಂದು ಕುರ್ಚಿಯಲ್ಲಿ ಕೂತರು. ಮೈಮರೆತು ಅದನ್ನೇ ಹಾಕಿಬಿಟ್ಟೆ. ನಲವತ್ತು ವರ್ಷ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದ ಗಂಟಲು ಅದು. ಕೊನೆಯ ದೃಶ್ಯ ಬಂತು. ನನಗೆ ಜ್ಞಾಪಕ ಬಂದು ರಿಮೋಟಿಗೆ ಕೈ ಹಾಕುವುದರೊಳಗೆ ಹೆಡ್‌ಮಾಸ್ಟರು ಅಕ್ಷರ ಅಕ್ಷರ ಬಿಡಿಸಿ ಆ ಸಾಲನ್ನು ಬೀದಿಗೇ ಕೇಳುವ ಹಾಗೆ ಓದಿದರು.

ಒಳಗೆ ಏನೋ ಬಿದ್ದು ಒಡೆಯಿತು.

"ಏನಮ್ಮಾ ಇದು? ಬಟ್ಟೆ ಒಗೆಯೋರ ಕಥೇಲಿ ಗಾಜು ಉಜ್ಜೋನು ಯಾವಾಗ ಬಂದ?"

"ಅವನು ಪಕ್ಕದ ಮನೆಯವನು ಸಾರ್. ನೀವು ಮೊದಲರ್ಧ ಸರಿಯಾಗಿ ನೋಡ್ಲಿಲ್ಲ."

"ಹಂಗಾದ್ರೆ ನಂಬರ್ ಏರಿದೆಯಾ?"

"ಏರಿಲ್ಲ ಸಾರ್. ನಿಮ್ಮ ಕಣ್ಣು ಬೇಕಾದ್ದಕ್ಕಿಂತ ಚೆನ್ನಾಗಿದೆ, ನೀವು ಹೊರಡಿ" ಎಂದು ಅವರನ್ನು ಬಾಗಿಲವರೆಗೆ ತಳ್ಳಿಕೊಂಡೇ ಹೋದೆ.

ಹಿಂದಿರುಗಿ ನೋಡಿದರೆ ಅಣ್ಣ ಕಂಪ್ಯೂಟರಿನ ಮುಂದೆ. ಮುಖ ಕೆಂಪಗಾಗಿತ್ತು. "ನಿಂಗೇನಾದ್ರೂ ನಾಚಿಕೆ ಇದ್ಯಾ? ಆ ಹೆಂಗಸಿನ ಮಾನ ಏನಾಗ್ಬೇಕು? ನನ್ನ ಮಾನ ಏನಾಗ್ಬೇಕು?" ಎನ್ನುತ್ತಾ ಕಂಡಕಂಡ ಗುಂಡಿ ಒತ್ತಿದ. ಕಂಪ್ಯೂಟರ್ ಅಂದರೆ ಅವನಿಗೆ ಅಆಇಈ ಗೊತ್ತಿಲ್ಲ. ಆ ಒಂದು ಸಾಲು ಅಳಿಸಲು ಹೋಗಿ ಅಲ್ಲಿಂದ ಕೊನೆಯವರೆಗಿನ ಸಾಲುಗಳನ್ನೆಲ್ಲ ಅಳಿಸಿ ಹಾಕಿದ್ದಾನೆ. ನನಗದು ಗೊತ್ತಾಗಲಿಲ್ಲ, ಇವನ ಕೈಯಲ್ಲಿ ಒಂದಕ್ಷರವೂ ಅಳಿಯದು ಅಂದುಕೊಂಡಿದ್ದೆ. ನಾನು ಆ ಹೊತ್ತಿನಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ: "ಮಾನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ! ನಾಳೆ ಮೂರು ಗಂಟೆಗೆ ಅವರ ಫಾರಂಗೆ ನಾನೇ ಸಹಿ ಹಾಕಿ ಕಳಿಸ್ತೀನಿ, ಆಮೇಲೆ ಜೀವನಪೂರ್ತಿ ಸ್ಕ್ರೂ ತಿರುಗಿಸ್ತಾ ಕೂತಿರು." ಅವನು ಪರದೆ ಎಳೆದುಕೊಂಡ. ಅವತ್ತು ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದೆವು.

ಗುರುವಾರ ಮೂರು ಗಂಟೆಗೆ ಸರಿಯಾಗಿ ಡ್ರೈವರಮ್ಮ ಬಂದರು, ಡ್ಯೂಟಿಯ ಅಂಗಿಯಲ್ಲೇ. ಅಣ್ಣ ಹೊರಗೆ ಇಣುಕಲಿಲ್ಲ. ಪರೀಕ್ಷೆಯ ಫ್ರೇಮನ್ನು ಅವರ ಮೂಗಿನ ಮೇಲೆ ಕೂರಿಸಿ, ಎಡಗಣ್ಣಿಗೆ ಕಪ್ಪು ಮುಚ್ಚಳ ಹಾಕಿ, ಸಿನಿಮಾ ಹಾಕಿದೆ. ದಪ್ಪ ಸಾಲು ಓದಿದರು. ಮಧ್ಯಮ ಓದಿದರು. ನಗುವ ಕಡೆ ಮಾತ್ರ ನಗಲಿಲ್ಲ. ಫಾರಂ ನನ್ನ ಮೇಜಿನ ಮೇಲಿತ್ತು, ಪೆನ್ನು ಪಕ್ಕದಲ್ಲಿ.

ಕೊನೆಯ ದೃಶ್ಯ. ದೋಣಿ, ಓಡಿ ಬಂದ ಪೆದ್ದು, ಏದುಸಿರು. ಅವನು ಬಾಯಿ ತೆರೆದ. ಕೆಳಗೆ ಸಾಲೇ ಇಲ್ಲ! ಅವಳು ಏನೋ ಹೇಳಿದಳು, ಅದಕ್ಕೂ ಇಲ್ಲ. ಆಗ ತಿಳಿಯಿತು ನನ್ನಣ್ಣನ ಘನಕಾರ್ಯ. ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಡ್ರೈವರಮ್ಮ ಓದತೊಡಗಿದರು.

"'ನಿನ್ನೆ ಸಂಜೆ ಬಸ್ಸಲ್ಲಿ ಹೆಡ್‌ಮಾಸ್ಟರು ಒಂದು ಮಾತು ಹೇಳಿದ್ರು.'"

ನಾನು ಟಿವಿ ನೋಡಿದೆ. ಬರೀ ನೀರು, ದೋಣಿ. ಅಯ್ಯೋ ದೇವರೇ, ಇವರಿಗೆ ಇಲ್ಲದ ಅಕ್ಷರ ಕಾಣುತ್ತಿದೆ, ಇಂಥವರ ಕೈಗೆ ಬಸ್ಸು ಕೊಡುವುದು ಹೇಗೆ ಎಂದು ಎದೆ ಧಸಕ್ಕೆಂದಿತು.

ಅವರು ಅದೇ ಪರೀಕ್ಷೆಯ ಧ್ವನಿಯಲ್ಲಿ, ನಿಧಾನವಾಗಿ, ಹಿಂದಿನ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಮುಂದುವರಿಸಿದರು. "'ಈ ಅಂಗಡಿ ಸಿನಿಮಾದಲ್ಲಿ ಓದಿದ್ದು ಅಂತ ಹೇಳಿದ್ರು. ಬಸ್ಸಿಗೆ ಬಸ್ಸೇ ಕೇಳಿಸ್ಕೊಳ್ತು. ನಾನು ಎರಡು ಸ್ಟಾಪು ನಿಲ್ಲಿಸೋದೇ ಮರ್ತೆ. ಎಲ್ಲರ ಬಾಯಲ್ಲೂ ಕೇಳಿದ್ದಾಯ್ತು. ಹೇಳ್ಬೇಕಾದೋರ ಬಾಯಲ್ಲಿ ಮಾತ್ರ ಇನ್ನೂ ಕೇಳಿಲ್ಲ.'"

ಅಬ್ಬಾ! ಕಣ್ಣಿಗೇನೂ ಆಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಸಾಲು ತಿದ್ದಿ ಮೆರೆದವಳು ನಾನು, ಈಯಮ್ಮ ಸಾಲೇ ಇಲ್ಲದ ಕಡೆ ಓದುತ್ತಿದ್ದರು. ಒಳಗೆ ಮಿಷಿನ್ ನಿಂತಿತು.

ಪರದೆ ಸರಿಸಿಕೊಂಡು ಅಣ್ಣ ಬಂದ. ಒದ್ದೆ ಕೈ, ಮೊಣಕೈವರೆಗೂ ಗಾಜಿನ ಬಿಳಿ ಹಿಟ್ಟು. ಕುರ್ಚಿಯ ಪಕ್ಕ ನಿಂತ. ಡ್ರೈವರಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಮುಂದಿನ ಸಾಲು ನಂಗೆ ಓದಕ್ಕಾಗ್ತಿಲ್ಲ. ನೀವು ಓದಿ" ಎಂದರು.

ಅಣ್ಣ ಟಿವಿಯನ್ನು ನೋಡಿದ. ನೋಡಿದ, ನೋಡಿದ, ನೋಡುತ್ತಲೇ ಇದ್ದ. ದೋಣಿ ದಡ ಬಿಟ್ಟಿತು. ಹೇಳಿಬಿಡೋ ಎಂದು ಕೂಗಬೇಕೆನ್ನಿಸಿ, ನನ್ನ ಬಾಯನ್ನು ನನ್ನ ಕೈಯಿಂದಲೇ ಮುಚ್ಚಿಕೊಂಡೆ.

"ಹೋಗ್ಬೇಡಿ" ಎಂದ. ಕೂಡಲೇ ಹೆದರಿ, "ಅಂತ ಬರ್ದಿದೆ" ಎಂದು ಸೇರಿಸಿದ.

"ಎಲ್ರೀ ಬರ್ದಿದೆ? ಅಲ್ಲೇನೂ ಬರ್ದಿಲ್ಲ. ನಂಗೆ ಕಣ್ಣು ಚೆನ್ನಾಗಿ ಕಾಣುತ್ತೆ" ಎಂದರು ಡ್ರೈವರಮ್ಮ. ಧ್ವನಿ ಗದರಿಕೆಯದೇ, ಆದರೆ ಕೊನೆಯಲ್ಲಿ ಒಡೆಯಿತು.

ಅಣ್ಣ ಟಿವಿಗೆ ಬೆನ್ನು ಮಾಡಿ ಅವರ ಕಡೆ ತಿರುಗಿದ. "ಹೌದು, ಬರ್ದಿಲ್ಲ" ಎಂದ. "ನಾನೇ ಹೇಳ್ತಿರೋದು. ಹೋಗ್ಬೇಡಿ."

ಡ್ರೈವರಮ್ಮ ಎಡಗಣ್ಣಿನ ಮುಚ್ಚಳ ತೆಗೆದರು. ಎರಡೂ ಕಣ್ಣಲ್ಲಿ ನೀರು. "ಇಷ್ಟೇ ತಾನೇ? ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ ನಿಮಗೆ?" ಎಂದು ಅವನನ್ನು ಚೆನ್ನಾಗಿ ಬೈದರು. ಅಣ್ಣ ಬೈಸಿಕೊಂಡು ನಿಂತಿದ್ದ, ಜನ್ಮದಲ್ಲಿ ಅಷ್ಟು ಸುಖವಾಗಿ ಅವನು ನಿಂತದ್ದನ್ನು ನಾನು ಕಂಡಿರಲಿಲ್ಲ. ನಾನು ಅಳುತ್ತಾ, ಇಬ್ಬರಿಗೂ ಶಾಪ ಹಾಕುತ್ತಾ, ಸಹಿ ಹಾಕದ ಫಾರಂ ಅನ್ನು ನಾಲ್ಕಾಗಿ ಹರಿದು ಹಾಕಿದೆ.