ಒಂದು ಗುಟುಕು ಸಿರ್ಕಾ

"ನೀವೇ ಒಂದು ಗುಟುಕ ಕುಡುದು ಮಾಲ್ ಹ್ಯಾಂಗದ ಹೇಳ್ರಿ ಚಾಚಾ," ಎಂದು ಸಾಯಿಕುಮಾರ ಗಾಜಿನ ಲೋಟ ಮುಂದೆ ಹಿಡಿದ. ಸೇಡಂನಲ್ಲಿ ಬಾರು, ಲಾಡ್ಜು ನಡೆಸುವ ಆಸಾಮಿ ಅವನು. "ನೀವು ಹೇಳಿದ್ರ ಮ್ಯಾಲೆ ನಾ ಹರಾಜಿನ್ಯಾಗ ಸವಾಲ್ ಹಚ್ಚತೀನಿ."

ಅಬ್ದುಲ್ ಕರೀಮರ ಕೈ ಮೇಲೇಳಲಿಲ್ಲ. ವಾಡಿಯ ಸಿಮೆಂಟು ಕಾರ್ಖಾನೆಯ ಆಫೀಸರ್ಸ್ ಕ್ಲಬ್ಬಿಗೆ ಗಡ್ಡ ಕಪ್ಪಿದ್ದಾಗ ಸೇರಿ, ಅದು ಬೆಳ್ಳಗಾಗುವ ತನಕ ಸಾಹೇಬರಿಗೆ ಗ್ಲಾಸು ತುಂಬಿ ಕೊಟ್ಟವರು ಅವರು. ತಮ್ಮ ನಾಲಿಗೆಗೆ ಒಂದು ಹನಿ ಮುಟ್ಟಿಸಿದವರಲ್ಲ. ಈಗ ಕ್ಲಬ್ಬು ಮುಚ್ಚಿತ್ತು. ಕುರ್ಚಿ, ಕಪಾಟು, ಪರದೆಗಳೆಲ್ಲ ಬೆಳಗಿನಿಂದ ಹರಾಜಾಗಿ, ಉಳಿದದ್ದು ಹಿಂದಿನ ಕಾಲದ ವಿದೇಶೀ ಇಂಜಿನಿಯರುಗಳು ಬಿಟ್ಟುಹೋದ ಒಂದು ಪೆಟ್ಟಿಗೆ ಕೆಂಪು ವೈನು. ರುಚಿ ನೋಡುವವರು ನೋಡಲಿ ಎಂದು ಒಂದು ಬಾಟಲಿಯ ಬಿರಡೆ ತೆಗೆದಿಟ್ಟಿದ್ದರು. ಆದರೆ ಅವತ್ತು ಶ್ರಾವಣ ಸೋಮವಾರ. ವರ್ಷವಿಡೀ ಸಂಜೆಯಾದರೆ ಬಾಟಲಿ ಹುಡುಕುವ ಗಂಡಸರೆಲ್ಲ ಹಣೆಗೆ ವಿಭೂತಿ ಬಳಿದುಕೊಂಡು ಸಾಧುಗಳಾಗಿ ಕೂತಿದ್ದರು. ಒಬ್ಬನೂ ಮುಟ್ಟಲೊಲ್ಲ. ವ್ರತ ತಮ್ಮದು, ಪಾಪ ಮಾತ್ರ ಇನ್ನೊಬ್ಬರ ನಾಲಿಗೆಗೆ!

ಮೂಲೆಯಲ್ಲಿ ಕೂತ ದೇವೀಂದ್ರಪ್ಪ ಕರೀಮರ ಕಡೆ ನೋಡಲೇ ಇಲ್ಲ. ಸ್ಟೇಶನ್ ರಸ್ತೆಯ ವೈನ್ ಶಾಪಿನ ಈ ಸಾವುಕಾರ ಮುಂಬಯಿಯ ಒಬ್ಬ ವ್ಯಾಪಾರಿಗೆ ಫೋಟೋ ಕಳಿಸಿ, ಬಾಟಲಿಗಳ ನಿಜವಾದ ಬೆಲೆ ಎಷ್ಟೆಂದು ಮೊದಲೇ ತಿಳಿದುಕೊಂಡಿದ್ದ. ಹಿಂದಿನ ದಿನ ಕರೀಮರನ್ನು ಅಂಗಡಿಗೆ ಕರೆಸಿ, ಚಹಾ ಕುಡಿಸಿದ್ದ.

"ಹರಾಜಿನ್ಯಾಗ ಮಾಲ್ ಕೊಳ್ಳಬಾರ್ದು ಚಾಚಾ, ಎದುರಿನವನ ಅನುಮಾನ ಕೊಳ್ಳಬೇಕು," ಅಂದಿದ್ದ. "ಯಾರರೆ ಕೇಳಿದ್ರ, ವೈನ್ ಕೆಟ್ಟು ಹುಳಿಯಾಗಿ ಸಿರ್ಕಾ ಆಗ್ಯಾದ, ಅಡಗಿಗಿ ಹಾಕೂ ವಿನೆಗರ್ ಆಗ್ಯಾದ ಅಂದ್ಬಿಡ್ರಿ. ಅಷ್ಟೇ. ಮರುದಿನದಿಂದ ನನ್ನ ಗಲ್ಲಾದ ಮ್ಯಾಲೆ ನೀವೇ ಕುಂದ್ರಿ. ಈ ಧಂದೇದಾಗ ಕುಡೀದೇ ಇದ್ದ ಮನಷ್ಯಾ ನನಗೆಲ್ಲಿ ಸಿಗ್ತಾನ?"

ಕ್ಲಬ್ಬಿನ ಸಂಬಳ ನಿಂತಿತ್ತು. ಮಗಳು ಆಸಿಮಳ ಬಿ.ಎಡ್. ಅರ್ಧದಲ್ಲಿತ್ತು. ಈ ವಯಸ್ಸಿನಲ್ಲಿ ಕರೆದು ಕೆಲಸ ಕೊಡುವ ಪುಣ್ಯಾತ್ಮರು ಯಾರು? ಒಂದು ಮಾತು ತಾನೇ, ಅಂದುಕೊಂಡು ಕರೀಮರು ಹೂಂಗುಟ್ಟಿದ್ದರು. ಕುಡಿಯುವ ಮಾತು ಆಗ ಬಂದಿರಲಿಲ್ಲ.

"ಕರೀಮ್ ಚಾಚಾ ಸುಳ್ಳ ಹೇಳೂ ಮನಷ್ಯಾ ಅಲ್ಲ ಬಿಡ್ರಿ," ಎಂದು ಹಿಂದಿನಿಂದ ಯಾರೋ ಅಂದರು.

ಕರೀಮರು ಲೋಟ ಇಸಿದುಕೊಂಡು ಕುಡಿದರು. ಹುಳಿ, ಒಗರು. ನಾಲಿಗೆ ಹಿಡಿದುಕೊಂಡಿತು. "ಸಿರ್ಕಾ ಆಗ್ಯಾದ್ರಿ," ಅಂದರು. ಆ ಗಳಿಗೆ ಅದು ಸುಳ್ಳೆಂದು ಅವರಿಗೇ ಅನ್ನಿಸಲಿಲ್ಲ. ವೈನಿನ ರುಚಿಯೇ ಅಂಥದ್ದು ಎಂದು, ಎಂದೂ ಕುಡಿಯದ ನಾಲಿಗೆಗೆ ಹೇಗೆ ಗೊತ್ತಾಗಬೇಕು?

ಸಾಯಿಕುಮಾರ ಕೈ ಕೊಡವಿಕೊಂಡು ಎದ್ದ. "ಪೆಟಗಿ ಭಾಳ ಛಂದ ಅದ, ಕಟಗಿ ಸಲುವಾಗಿ ಒಯ್ತೀನಿ," ಎಂದು ದೇವೀಂದ್ರಪ್ಪ ಎಲ್ಲರನ್ನೂ ನಗಿಸಿ, ಮುರುಕು ಕುರ್ಚಿಯ ಬೆಲೆಗೆ ಇಡೀ ಮಾಲು ಹೊಡೆದುಕೊಂಡ.

ಮಂದಿ ಕರಗಿದ ಮೇಲೆ ಅವನು ಬಿಚ್ಚಿದ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದ. "ಮೂಗಿಗಿ ಶ್ರಾವಣ ಇಲ್ಲಲ್ಲ ಚಾಚಾ!" ಎಂದು ಕಣ್ಣು ಮುಚ್ಚಿ ವಾಸನೆ ಎಳೆದ. "ಆಹಾ! ಎಲ್ಲೀ ಸಿರ್ಕಾ? ಬಂಗಾರ ಅದ, ಬಂಗಾರ!"

ಕರೀಮರು ಅಂಗೈಯಿಂದ ತುಟಿ ಒರೆಸಿಕೊಂಡರು. ಹಾಗಾದರೆ ಹೊಟ್ಟೆಗೆ ಇಳಿದದ್ದು ಅಪ್ಪಟ ಶರಾಬು. ಅಲ್ಲಾಹ್ ಮಾಫ್ ಮಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು, "ನಾಳಿ ಎಷ್ಟಕ್ಕ ಬರ್ಲಿ ಸಾವುಕಾರ್ರ?" ಎಂದು ಕೇಳಿದರು.

"ಎಲ್ಲಿಗಿ?"

"ಅಂಗಡಿಗಿರಿ. ಗಲ್ಲಾದ ಮ್ಯಾಲೆ ಕುಂದ್ರಿ ಅಂದಿದ್ರಲ್ಲ."

ದೇವೀಂದ್ರಪ್ಪ ನಿಜಕ್ಕೂ ನೊಂದವನ ಹಾಗೆ ಮುಖ ಮಾಡಿದ. "ನಾ ಅಂದದ್ದು ಕುಡೀದೇ ಇದ್ದ ಮನಷ್ಯಾಗ. ಇವತ್ತ ಊರ ಮಂದಿ ಮುಂದ ಕುಡದ್ರಿ ನೀವು. ಇನ್ನ ನಿಮ್ಮನ್ನ ಬಾಟ್ಲಿ ನಡುವ ಹ್ಯಾಂಗ ಕುಂದ್ರಸಲಿ?"

"ನಿಮ್ಮ ಸಲುವಾಗಿ ಕುಡದೀನ್ರಿ!"

"ಹೌದ್ರಿ. ನಾಳಿ ಮತ್ತೊಬ್ಬನ ಸಲುವಾಗಿ ಕುಡೀತೀರಿ." ಬಿರಡೆ ಒತ್ತಿ ಆ ಬಾಟಲಿಯನ್ನು ಕರೀಮರ ಕೈಗಿಟ್ಟ. "ಬಿಚ್ಚಿದ್ದು ಮಾರಾಕ ಬರಂಗಿಲ್ಲ, ಒಯ್ರಿ. ಸಿರ್ಕಾ ಅಂದ್ರಲ್ಲ, ಉಳ್ಳಾಗಡ್ಡಿಗಿ ಹಾಕ್ಕೋರಿ."

ಪೆಟ್ಟಿಗೆ ಹೊರುತ್ತಿದ್ದ ಹಮಾಲರು ಬಿದ್ದು ಬಿದ್ದು ನಕ್ಕರು.

ದಾರಿಯಲ್ಲಿ ಮೋರಿ ಕಂಡಲ್ಲಿ ಕರೀಮರು ನಿಂತರು, ಸುರಿಯಲು ಬಗ್ಗಿದರು. "ಸಿರ್ಕಾ ಯಾಕ ಚೆಲ್ಲಾಕತ್ತೀರಿ ಚಾಚಾ?" ಎಂದು ಯಾರೋ ಹತ್ತಿರ ಬಂದರು. ಹತ್ತಿರ ಬಂದವರ ಮೂಗಿಗೆ ಹೆದರಿ ಕರೀಮರು ಬಾಟಲಿಯನ್ನು ಎದೆಗವಚಿಕೊಂಡು ನಡೆದರು.

ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ಹೆಂಡತಿ ಸುಗರಾಬಿ ಬಾಗಿಲಲ್ಲೇ ನಿಂತಿದ್ದಳು. ಅತ್ತು ಬಾತ ಮುಖ ಈಗ ನಗುತ್ತಿತ್ತು.

"ನೀವು ಬಾಯಿಗಿ ಹಚ್ಚೀರಿ ಅಂತ ಕೇಳಿ ನನ್ನ ಎದಿ ಒಡದಂಗಾಗಿತ್ರಿ. ಓಣಿ ಹುಡುಗನ್ನ ಓಡಿಸಿ ಮಸೂತ್ಯಾಗ ಮೌಲ್ವಿ ಹಜರತರನ್ನ ಕೇಳ್ಸಿದೆ. ಶರಾಬ್ ತಾನಾಗೇ ಸಿರ್ಕಾ ಆದ್ರ ಹಲಾಲಂತ. ನೀವೇನೂ ಗುನಾ ಮಾಡಿಲ್ಲ." ಬಾಟಲಿ ಇಸಿದುಕೊಂಡಳು. "ನಿಮ್ಮ ಬಾಯಿಲೇ ಸುಳ್ಳ ಬರಂಗಿಲ್ಲ ಅಂತ ಹಜರತರೂ ಅಂದ್ರು."

ಹೇಳಬೇಕು, ಈಗಲೇ ಹೇಳಬೇಕು, ಎಂದು ಕರೀಮರ ಜೀವ ಒದ್ದಾಡಿತು. ಹೇಳಿದರೆ ಈ ಮುಖ ಇನ್ನೊಮ್ಮೆ ನಗುವುದಿಲ್ಲ. ಕೆಲಸವಂತೂ ಹೋಯಿತು, ಉಳಿದದ್ದು ಇವಳ ಕಣ್ಣಲ್ಲಿರುವ ಈ ಹೆಸರೊಂದೇ. ಬಾಯಿ ತೆರೆದರು. "ಕೈಕಾಲ ತೊಕೊಂಡ ಬರ್ತೀನಿ," ಅಂದರು.

ಬರುವಷ್ಟರಲ್ಲಿ ಊಟದ ದಸ್ತರಖಾನ ಹಾಸಿ ಖಿಚಡಿ ಬಡಿಸಿಯಾಗಿತ್ತು. ನಡುವೆ ಪಿಂಗಾಣಿ ಬಟ್ಟಲಲ್ಲಿ ಉಳ್ಳಾಗಡ್ಡಿ ಬಿಲ್ಲೆಗಳು ಆ ಬಾಟಲಿಯ ಸಿರ್ಕಾದಲ್ಲಿ ನೆನೆದು ಕೆಂಪಾಗಿದ್ದವು. ಮಗಳು ಆಸಿಮ ಒಂದನ್ನು ಎತ್ತಿಕೊಂಡಳು.

"ಬಿಸ್ಮಿಲ್ಲಾ," ಎಂದು ಬಾಯಿಗಿಟ್ಟುಕೊಂಡು, "ಹುಳಿ ಜರಾ ಕಮ್ಮಿ ಅದ ಅಬ್ಬಾ, ಆದ್ರ ಛಲೋ ಅದ," ಅಂದಳು.

ಕರೀಮರು ನೀರಿನ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿದರು.