ಒಮ್ಮತದ ಟೋಳಿ

ಕಲಬುರಗಿ ಹತ್ತಿರದ ಕಮಲಾಪುರದ ಬಾಳೆತೋಟದಲ್ಲಿ, ಅರ್ಧಕ್ಕೆ ನಿಂತ ಬಾವಿಯ ದಂಡೆಯ ಮೇಲೆ ಮಾಣಿಕಪ್ಪನ ಟೋಳಿಯ ಆಳುಗಳೆಲ್ಲ ಕಾಯುತ್ತಿದ್ದರು. ತಳದ ಬಂಡೆಗೆ ತೂತು ಕೊರೆದಾಗಿತ್ತು. ಮದ್ದು ತುಂಬಿ ಬತ್ತಿ ಹಚ್ಚುವುದಷ್ಟೇ ಉಳಿದಿತ್ತು. ಅದು ವಹಾಬನ ಕೆಲಸ. ಪೊಲೀಸ್ ಕಾರ್ಯಾಚರಣೆ ನಡೆದ ನಲವತ್ತೆಂಟರ ಮಳೆಗಾಲದಿಂದ ಈ ಬೇಸಗೆಯವರೆಗೆ ಮುಖ ತೋರಿಸದಿದ್ದ ವಹಾಬ, ಮಾಣಿಕಪ್ಪ ಮೇಲಿಂದ ಮೇಲೆ ಹೇಳಿ ಕಳುಹಿಸಿದ ಮೇಲೆ, ಆ ಬೆಳಿಗ್ಗೆ ಬಂದಿದ್ದ. ಬಂದವನು ಯಾರ ಯೋಗಕ್ಷೇಮವನ್ನೂ ಕೇಳದೆ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ.

ಆ ಟೋಳಿಯಲ್ಲೊಂದು ಕಟ್ಟಳೆಯಿತ್ತು. ಉಳಿದವರು ಹಿಂದೆ ನಿಂತು ಎಷ್ಟೇ ಜಗ್ಗಲಿ, ಹಗ್ಗದ ಮುಂದಿನ ಕೈ ಯಾರದಿರಬೇಕೆಂಬುದನ್ನು ಬಾವಿಗೆ ಇಳಿಯುವವನೇ ಹೆಸರು ಹಿಡಿದು ಹೇಳಬೇಕು. ಬತ್ತಿ ಹೊತ್ತಿಕೊಂಡ ಮೇಲೆ ಕೆಳಗಿನವನ ಜೀವ ಆ ಕೈಯಲ್ಲಿ. ಟೋಳಿ ನಡೆಸುವ ಮುಕಾದಮ ಮಾಣಿಕಪ್ಪನೂ ಅದರಲ್ಲಿ ಬಾಯಿ ಹಾಕುವಂತಿರಲಿಲ್ಲ. ಇಷ್ಟು ವರ್ಷವೂ ವಹಾಬ ಹೇಳಿದ್ದು ಮುಕಾದಮನ ಹೆಸರನ್ನೇ. ಇಂದೂ ಅದನ್ನೇ ಹೇಳಿದರೆ ಒಡೆದದ್ದು ಕೂಡಿತೆಂದು ತಿಳಿಯಬಹುದು. ಮಾಣಿಕಪ್ಪ ಅಂಗೈಗೆ ಮಣ್ಣು ತಿಕ್ಕಿಕೊಂಡು ಸಿದ್ಧನಾಗಿ ನಿಂತಿದ್ದ.

ಕಲಬುರಗಿಯಲ್ಲಿ ಬಾವಿ ತೋಡುವ ಟೋಳಿಗಳು ಬೇಕಾದಷ್ಟಿದ್ದವು. ಕೂಡಿದಷ್ಟೇ ಬೇಗ ಚದುರುತ್ತಿದ್ದವು. ಮಾಣಿಕಪ್ಪನ ಟೋಳಿ ಚದುರಲಿಲ್ಲ. ಎಲ್ಲರೂ ಹೂಂ ಎನ್ನದೆ ಯಾವುದಕ್ಕೂ ಕೈಹಾಕಬಾರದು, ಒಬ್ಬ ಒಲ್ಲೆನೆಂದರೂ ಆ ಕೆಲಸವನ್ನೇ ಬಿಡಬೇಕು, ಎಂಬ ಪದ್ಧತಿಯನ್ನು ಅವನು ಹಾಕಿಕೊಟ್ಟಿದ್ದ.

“ನಿಂದು ಟೋಳಿ ಏನೋ ಮಾಣಿಕಪ್ಪ, ಪಂಚಾಯಿತಿ ಏನೋ?” ಎಂದು ಬೇರೆ ಮುಕಾದಮರು ನಗುತ್ತಿದ್ದರು.

“ನೀವು ನಗ್ರಿ. ವರ್ಷ ತುಂಬೂದ್ರಾಗ ಯಾರ ಟೋಳಿ ಇರ್ತದ ನೋಡೂಣು,” ಎಂದು ಅವನು ಮೀಸೆ ತೀಡುತ್ತಿದ್ದ.

ಆ ಮಳೆಗಾಲದಲ್ಲಿ ಊರು ಹೊತ್ತಿ ಉರಿಯುತ್ತಿರಲು, ವಹಾಬನ ಹೆಂಡತಿ ಕುಲ್ಸುಮ್ ಶಹಾಬಜಾರದ ಮಾಣಿಕಪ್ಪನ ಮನೆಗೆ ಬಂದಳು. ಟೋಳಿಯವರೆಲ್ಲ ಅಂದು ಅಲ್ಲಿಯೇ ಕೂಡಿದ್ದರು. ವಹಾಬ ಮೋಮಿನಪುರದಲ್ಲಿ ಜ್ವರ ಬಂದು ಮಲಗಿದ್ದ. ರಜಾಕಾರರ ಮೇಲಿನ ಸೇಡು ಮುಸ್ಲಿಮರೆಲ್ಲರ ಮೇಲೆ ತಿರುಗಿ, ಅವರ ಓಣಿಯಲ್ಲಿ ಬಾಗಿಲು ಮುರಿಯುವ ಸದ್ದು ಹಗಲಿನಲ್ಲೂ ಕೇಳುತ್ತಿತ್ತು.

“ಕಾಕಾ, ಐವಾನ್-ಎ-ಶಾಹಿ ಹಂತೇಕ ನಮ್ಮ ಮಾಮು ಮನಿ ಅದ. ನೀವೆಲ್ಲಾರೂ ನಮ್ಮ ಸುತ್ತ ನಡದು ಅಲ್ಲೀತನಕ ಬಿಟ್ಟ್ರ ಸಾಕ್ರಿ. ನಿಮ್ಮ ಟೋಳಿ ನೋಡಿ ಯಾರೂ ಮೈಮ್ಯಾಲ ಬರಂಗಿಲ್ಲ,” ಎಂದಳು.

ಎಲ್ಲರೂ ಎದ್ದು ನಿಂತರು, ನಾಗಣ್ಣನೊಬ್ಬನನ್ನು ಬಿಟ್ಟು. ಹಿಂದಿನ ವರ್ಷ ಅವನ ಹಳ್ಳಿಯ ಮನೆಯನ್ನು ರಜಾಕಾರರು ಸುಟ್ಟಿದ್ದರು.

“ನಾ ಒಲ್ಲೆ,” ಎಂದ ನಾಗಣ್ಣ.

“ನಿನ್ನ ಮನಿ ಮತ್ತ ಕಟ್ಟಾಗ ಜಂತಿ ಹೊತ್ತಾವ ಯಾರು? ವಹಾಬ ಅಲ್ಲೇನೋ?” ಎಂದ ಟೋಳಿಯ ಮಹಾದೇವಪ್ಪ.

“ಅವನ ಮ್ಯಾಲ ನಂದೇನೂ ಇಲ್ಲ. ಆ ಓಣ್ಯಾಗ ಕಾಲಿಡಾಕ ಮನಸ್ಸು ಒಪ್ಪವಲ್ದು. ಸುಳ್ಳ ಹೂಂ ಅನ್ಲೇನು?”

ಎಲ್ಲರೂ ಮುಕಾದಮನ ಮುಖ ನೋಡಿದರು. ‘ಉಳದಾವ್ರು ನಡೀರಿ’ ಎಂದಿದ್ದರೆ ಅವರು ನಡೆಯುತ್ತಿದ್ದರು. ಮಾಣಿಕಪ್ಪ, “ಒಬ್ಬಾವ ಒಲ್ಲೆ ಅಂದ್ರ ಮುಗೀತು. ಟೋಳಿ ಪದ್ಧತಿ ಅದು. ನಾಳಿ ನೋಡೂಣು ತಂಗಿ,” ಎಂದ. ಹಾಗೆಂದೊಡನೆ ತನ್ನ ಎದೆಯೊಳಗಿನ ಹೆದರಿಕೆ ತಣ್ಣಗೆ ಕೆಳಗಿಳಿದದ್ದು ಅವನೊಬ್ಬನಿಗೇ ಗೊತ್ತು. ಕುಲ್ಸುಮ್ ಮುಸುಕು ಇಳಿಬಿಟ್ಟುಕೊಂಡು ಹೊರಟುಹೋದಳು.

ಅಣ್ಣನನ್ನು ಸಾಗಿಸಲು ಟಾಂಗಾ ತರುತ್ತೇನೆಂದು ಅದೇ ಸಂಜೆ ಮನೆ ಬಿಟ್ಟ ವಹಾಬನ ತಮ್ಮ ಚಾಂದಪಾಶಾ ತಿರುಗಿ ಬರಲಿಲ್ಲ. ಎಲ್ಲಿ ಬಿದ್ದನೆಂಬುದೂ ತಿಳಿಯಲಿಲ್ಲ.

ಈಗ ವಹಾಬ ಸೊಂಟದ ಗಂಟನ್ನು ಎಳೆದು ನೋಡಿ, ತಲೆಯೆತ್ತಿ ಹೇಳಿದ: “ಹಗ್ಗ ನಾಗಣ್ಣ ಹಿಡೀಲಿ.”

ಎಲ್ಲರಿಗಿಂತ ಮೊದಲು ಬೆಚ್ಚಿದವನು ನಾಗಣ್ಣ. “ತಲಿ ನೆಟ್ಟಗದ ಏನೋ ನಿಂದು? ಅವತ್ತ ಒಲ್ಲೆ ಅಂದಾವ ನಾನ.”

“ಕುಲ್ಸುಮ್ ಹೇಳ್ಯಾಳ. ಒಲ್ಲೆ ಇದ್ರ ನೀ ಒಲ್ಲೆ ಅಂತೀದಿ. ಹಿಡೀತೀನಿ ಅಂದ್ರ ಹಿಡೀತೀದಿ. ಅಷ್ಟ ಸಾಕು ನಂಗ.”

ಮಾಣಿಕಪ್ಪ ಒಂದು ಹೆಜ್ಜೆ ಮುಂದೆ ಬಂದ. “ವಹಾಬ, ನಾ ಅವತ್ತ ಟೋಳಿ ಉಳೀಲಿ ಅಂತ...”

“ಉಳದದಲ್ರಿ ಕಾಕಾ,” ಎಂದ ವಹಾಬ, ದನಿಯೇರಿಸದೆ. “ಎಲ್ಲಾರೂ ಇದ್ದಾರ, ಎಣಿಸಿ ನೋಡ್ರಿ. ಚಾಂದಪಾಶಾನ ಮಾತು ಬ್ಯಾರೆ. ಅವ ಟೋಳಿಯಾವ ಅಲ್ಲ.”

ನಂತರ ನಾಗಣ್ಣನ ಕಡೆ ತಿರುಗಿ, “ಹಿಡೀತೀ?” ಎಂದು ಕೇಳಿದ.

“ಹಿಡೀತೀನಿ,” ಎಂದ ನಾಗಣ್ಣ. ಅವನ ಕಣ್ಣು ತುಂಬಿತ್ತು.

ಮಾಣಿಕಪ್ಪ ಹಿಂದೆ ಸರಿದು ಹಗ್ಗದ ಕೊನೆಯಲ್ಲಿ ನಿಂತ. ಅಲ್ಲಿಂದ ಬಾವಿಯ ಬಾಯಿ ಕಾಣುತ್ತಿರಲಿಲ್ಲ. ಮುಂದಿನವರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಕೆಳಗಿಳಿದ ವಹಾಬ ಬತ್ತಿ ಹಚ್ಚಿ ಕೂಗಿದ ಮೇಲೆ, ನಾಗಣ್ಣ “ಜಗ್ಗ್ರಿ” ಎಂದಾಗ ಜಗ್ಗಿದ. ವಹಾಬ ಮೇಲೆ ಬಂದ, ಎಲ್ಲರೂ ಓಡಿ ಬದುವಿನ ಮರೆಯಲ್ಲಿ ಕುಳಿತರು, ಬಂಡೆ ಸಿಡಿಯಿತು. ಹೊಗೆ ಇಳಿದ ಮೇಲೆ ನೋಡಿದರೆ, ಸೀಳಿದ ಕಲ್ಲಿನ ನಡುವಿನಿಂದ ನೀರು ಜಿನುಗುತ್ತಿತ್ತು.

ತೋಟದ ಯಜಮಾನ ಹಣಮಂತರಾಯರು ದೂರದಿಂದ ಎಲ್ಲವನ್ನೂ ನೋಡಿದ್ದರು. “ಎಂಥಾ ಹೊಂದಿಕಿ ರೀ ನಿಮ್ಮದು! ಇಂಥಾ ಕಾಲದಾಗೂ ಟೋಳಿ ಒಡೀಲಾರದಂಗ ಇಟ್ಟೀರಿ. ಮ್ಯಾಲಿನ ಹೊಲದ ಬಾವಿನೂ ನೀವ ತೋಡ್ರಿ. ಏನಂತೀರಿ?”

ಪದ್ಧತಿಯಂತೆ ಮಾಣಿಕಪ್ಪ ತನ್ನವರ ಕಡೆಗೆ ತಿರುಗಿದ. ಮಹಾದೇವಪ್ಪ ಹೂಂ ಎಂದ. ನಾಗಣ್ಣ ಹೂಂ ಎಂದ. ಉಳಿದವರೂ ಎಂದರು. ವಹಾಬ ಹಗ್ಗ ಸುತ್ತುತ್ತಲೇ, ಮುಖವೆತ್ತದೆ, ಹೂಂ ಎಂದ.

ತಾನು ಆಡಲಾರದ ಮಾತನ್ನು ಅಂದಿನಂತೆ ಇನ್ನೊಬ್ಬನಾದರೂ ಆಡಲಿ, ಒಲ್ಲೆನೆನ್ನಲಿ ಎಂದು ಮಾಣಿಕಪ್ಪ ಕಾಯ್ದು ನಿಂತ. ಯಾರೂ ಎನ್ನಲಿಲ್ಲ.