ಸೀಬೆ ಮರದ ಕೆಳಗಿನ ಸದ್ದು

ನನ್ನ ಮೈದುನ ಒಬ್ಬ ಮಷೀನಿನವನನ್ನು ಕಟ್ಟಿಕೊಂಡು ಹಿತ್ತಲಿಗೆ ನುಗ್ಗಿದ. ಸತ್ತುಹೋದ ಅಣ್ಣ, ಅಂದರೆ ನನ್ನ ಗಂಡ, ತಾಯಿಯ ಬೆಳ್ಳಿ ತಟ್ಟೆಗಳನ್ನು ಇಲ್ಲಿ ಹೂತಿಟ್ಟಿದ್ದಾರೆ ಎಂದು ಅವನ ಹಟ. ಮೂಗಿನ ಮೇಲಿರುವ ಕನ್ನಡಕವನ್ನೇ ದಿನಕ್ಕೆ ಸಾವಿರ ಸಲ ಹುಡುಕುತ್ತಿದ್ದ ನನ್ನ ಗಂಡ ನಿಧಿ ಹೂಳುವುದೆಂದರೆ!

"ಎಲ್ಲಿ ಬೇಕಾದ್ರೂ ಅಗಿ. ಸೀಬೆ ಮರದ ಬುಡ ಮಾತ್ರ ಬೇಡ. ಅಲ್ಲಿ ಕಳ್ಳ ಮಲಗಿದಾನೆ," ಎಂದೆ.

ಕಳ್ಳ ನಮ್ಮ ನಾಯಿ. ಇದ್ದಷ್ಟು ಕಾಲವೂ ಯಾರಿಗೂ ಬೊಗಳಲಿಲ್ಲ. ಕಳ್ಳರು ಬಂದರೂ ಬಾಲ ಅಲ್ಲಾಡಿಸಿ ದಾರಿ ತೋರಿಸುವ ಜಾತಿ. ಅದಕ್ಕೇ ಆ ಹೆಸರು. ಸತ್ತಾಗ ಅವನ ಕೊರಳಿನ ಹಿತ್ತಾಳೆ ಗಂಟೆ ಬಿಚ್ಚಲು ನನ್ನ ಗಂಡನಿಗೆ ಕೈ ಬರಲಿಲ್ಲ. ಹಾಗೇ ಮಣ್ಣು ಮಾಡಿದರು.

"ನಾಯಿ ಜೊತೆ ಇನ್ನೇನೇನಿದೆಯೋ, ಯಾರಿಗ್ಗೊತ್ತು ಅತ್ತಿಗೆ? ಸದ್ದು ಬಂತು ಅಂದ್ರೆ ಅಗೆಯೋದೇ," ಎಂದ ಮೈದುನ, ಗುದ್ದಲಿ ಹೆಗಲಿಗೇರಿಸಿ.

ಮಷೀನು ಅಂದರೆ ಮಣ್ಣಿನೊಳಗಿನ ಲೋಹ ಹುಡುಕುವ ಒಂದು ಕೋಲು. ತುದಿಯಲ್ಲಿ ತಟ್ಟೆ, ಹಿಡಿಯಲ್ಲಿ ಪುಟ್ಟ ಪರದೆ. ಕಾಂಪೌಂಡಿನ ಹತ್ತಿರ ಅದು ಮುದಿ ಎಮ್ಮೆಯ ಹಾಗೆ ಗೊರ್ ಎಂದಿತು.

"ಮೊಳೆ ಸಾರ್. ಕಬ್ಬಿಣಕ್ಕೆ ದಪ್ಪ ಸದ್ದು, ಪರದೇಲಿ ನಂಬರು ಕಮ್ಮಿ. ಬೆಳ್ಳಿ, ಹಿತ್ತಾಳೆ ಇದ್ರೆ ಕೀರಲು ಸದ್ದು, ನಂಬರೂ ಮೇಲಕ್ಕೆ ಹೋಗುತ್ತೆ," ಎಂದ ಮಷೀನಿನವನು.

ಹಿತ್ತಾಳೆ ಎಂದದ್ದೇ ನನಗೆ ಕಳ್ಳನ ಕೊರಳು ನೆನಪಾಯಿತು. ಗಂಟೆ ಕೂಗಿದರೆ ಕಳ್ಳನ ಮೂಳೆ ಹೊರಗೆ. ನೆಟ್ಟಗೆ ಹೋಗಿ ಸೀಬೆ ಮರದ ಬುಡದಲ್ಲಿ ಕಾಲು ಚಾಚಿ ಕೂತುಬಿಟ್ಟೆ.

"ಏಳಿ ಅತ್ತಿಗೆ."

"ಏಳಲ್ಲ. ಹಿತ್ತಲು ನಂದು, ಕುಂಡೆ ನಂದು. ಎಲ್ಲಿ ಬೇಕಾದ್ರೂ ಊರ್ತೀನಿ."

ಮಷೀನಿನವನು ನನ್ನ ಸುತ್ತಲೇ ತಟ್ಟೆ ಆಡಿಸಿದ. ಕಾಲಿನ ಪಕ್ಕಕ್ಕೆ ಬಂದದ್ದೇ ತಡ, ಅದು ಏಳೂರಿಗೆ ಕೇಳುವಂತೆ ಕಿರುಚಿತು. ಪರದೆಯಲ್ಲಿ ನಂಬರು ಚಂಗನೆ ನೆಗೆಯಿತು.

"ಸಾರ್, ದೊಡ್ಡದೇ ಇದೆ!"

ಮೈದುನನ ಮುಖ ಮೊರದಗಲವಾಯಿತು. ಗುದ್ದಲಿ ಎತ್ತಿಯೇಬಿಟ್ಟ. ಆಗ ಹೊಳೆಯಿತು ನನಗೆ.

"ಆ ತಟ್ಟೆ ಮೇಲಕ್ಕೆತ್ತಪ್ಪ. ಇಲ್ಲಿ, ಮಂಡಿ ಹತ್ರ ತಾ," ಎಂದು ಮೊಣಕಾಲು ಮಡಚಿ ಎತ್ತಿ ಹಿಡಿದೆ.

ನೆಲದಿಂದ ಮೊಳ ಮೇಲೆ, ಬರೀ ಗಾಳಿಯಲ್ಲಿ, ಮಷೀನು ಇನ್ನೂ ಜೋರಾಗಿ ಬಾಯಿ ಬಡಿದುಕೊಂಡಿತು.

"ಅಜ್ಜಿ, ಆಪರೇಷನ್ ಆಗಿದೆಯಾ?"

"ಒಂದು ಲಾರಿ ಆಗೋಷ್ಟು ಲೋಹ ತುಂಬಿದಾರೆ ಕಣಪ್ಪ. ನಾನು ಆಸ್ಪತ್ರೇಲಿದ್ದಾಗ ಬೀದಿ ಬೆಕ್ಕು ಕೂಡ ಬಂದು ನೋಡ್ಕೊಂಡು ಹೋಯ್ತು. ನಿಮ್ಮ ಸಾರ್‌ಗೆ ಮಾತ್ರ ಮಂಡಿ ವಿಷ್ಯ ಗೊತ್ತಿಲ್ಲ. ಯಾಕೆ ಅಂತ ಕೇಳು."

ಮಷೀನಿನವನು ಮೈದುನನ ಮುಖ ನೋಡಿದ. ಮೈದುನ ಗುದ್ದಲಿಯ ಕಾವು ನೋಡಿಕೊಂಡ.

"ಇದ್ರಲ್ಲೂ ಪಾಲು ಬೇಕೇನು ಮೈದುನಪ್ಪ? ತಗೋ, ಇಲ್ಲಿಂದಲೇ ಅಗಿ!"

"ಒಂಚೂರು ಸರೀರಿ ಅಜ್ಜಿ, ಕೆಳಗೆ ಇನ್ನೊಂದ್ಸಲ ನೋಡ್ಬಿಡ್ತೀನಿ."

"ಜರುಗಲ್ಲ."

"ಸಾಕು ಬಿಡಯ್ಯ," ಎಂದ ಮೈದುನ. "ಮಾನ ಹೋಗಿದ್ದು ಸಾಕು. ನಡಿ."

ಗೇಟಿನ ಚಿಲಕ ಬೀಳುವ ತನಕ ನಾನು ಅಲ್ಲಾಡಲಿಲ್ಲ. ನನ್ನ ಮಂಡಿಯ ಗಲಾಟೆಯಲ್ಲಿ ಕಳ್ಳನ ಗಂಟೆಯ ಸಣ್ಣ ದನಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮಣ್ಣಿನ ಮೇಲೆ ಎರಡೇಟು ತಟ್ಟಿದೆ.

"ಇವತ್ತೂ ಬೊಗಳಲಿಲ್ಲ ಅಲ್ವೇನೋ, ಸೋಮಾರಿ? ಇರಲಿ, ಮಲಕ್ಕೋ."